ಕಟ್ಟಿದವನು ಒಬ್ಬ, ಬಿಲ್ ಕಟ್ಟುವವನು ಇನ್ನೊಬ್ಬ

ಮಧ್ಯಾಹ್ನ ಮೂರು ಗಂಟೆಗೆ ಬೆಂಗಳೂರಿನ ಔಟರ್ ರಿಂಗ್ ರೋಡಲ್ಲಿ ಹೋಗುವಾಗ ಪಶ್ಚಿಮಕ್ಕೆ ಮುಖ ಮಾಡಿರುವ ಯಾವುದಾದರೂ ಗಾಜಿನ ಆಫೀಸ್ ಕಟ್ಟಡವನ್ನು ಸ್ವಲ್ಪ ಗಮನಿಸಿ. ಟ್ರಾಫಿಕ್ಕಲ್ಲಿ ಹೇಗೂ ನಿಂತೇ ಇರುತ್ತೀರಿ. ಬ್ಲೈಂಡ್ಸ್ ಎಲ್ಲ ಪೂರ್ತಿ ಇಳಿದಿರುತ್ತವೆ, ಸಂದಿಯಲ್ಲಿ ಒಳಗೆ ಲೈಟ್ ಉರಿಯುತ್ತಿರುವುದು ಕಾಣುತ್ತದೆ. ಬೆಳಕು ಬರಲಿ ಅಂತ ಗಾಜು ಹಾಕಿದರು. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಅಂತ ಬ್ಲೈಂಡ್ಸ್ ಎಳೆದರು. ಕತ್ತಲಾಯ್ತು ಅಂತ ಲೈಟ್ ಹಾಕಿದರು. ಗಾಜಿನಿಂದ ಒಳಗೆ ಬಂದ ಕಾವು, ಲೈಟಿನ ಕಾವು ಎರಡನ್ನೂ ಹೊರಗೆ ದಬ್ಬೋಕೆ ಎಸಿ ಬೇರೆ.

ಆಫೀಸ್ ಕಟ್ಟಡಗಳ ಎಲೆಕ್ಟ್ರಿಕಲ್ ಮತ್ತು ಎಸಿ ಮೇಂಟೆನೆನ್ಸ್ ನನ್ನ ಹೊಟ್ಟೆಪಾಡು. ಹಾಗಾಗಿ ಟಾಯ್ಲೆಟ್ ಬಾಗಿಲ ಪಕ್ಕ ಅಂಟಿಸಿರುವ 'ಹೊರಗೆ ಹೋಗುವಾಗ ಲೈಟ್ ಆರಿಸಿ' ಸ್ಟಿಕ್ಕರ್ ನೋಡಿದರೆ ನಗು ಬರುತ್ತದೆ. ಒಂಬತ್ತು ವಾಟಿನ ಬಲ್ಬು ಆರಿಸಿದ ಪುಣ್ಯಾತ್ಮನ ತಲೆಯ ಮೇಲೆ, ಫಾಲ್ಸ್ ಸೀಲಿಂಗ್ ಒಳಗೆ, ಯಾರಿಗೂ ಬೇಡದ ತಂಪು ಗಾಳಿ ಲೀಕಾದ ಡಕ್ಟಿನಿಂದ ಸೋರಿ ಹೋಗುತ್ತಿರುತ್ತದೆ. ಕರೆಂಟ್ ಉಳಿಸುವ ತಂತ್ರಜ್ಞಾನ ಇಲ್ಲ ಅಂತಲ್ಲ. ದುಡ್ಡೂ ಇಲ್ಲ ಅಂತಲ್ಲ. ಕರೆಂಟ್ ಎಷ್ಟು ಖರ್ಚಾಗಬೇಕು ಅಂತ ತೀರ್ಮಾನ ಮಾಡುವವನು ಅದರ ಬಿಲ್ ಕಟ್ಟುವುದಿಲ್ಲ. ನನ್ನ ಪ್ರಕಾರ ಗಂಟು ಇರುವುದು ಇಲ್ಲೇ.

ಬಿಲ್ಡರ್ ಗಾಜು ಆರಿಸುತ್ತಾನೆ, ಅಗ್ಗದ ಕೊಟೇಶನ್ ನೋಡಿ ಎಸಿ ಹಾಕಿಸುತ್ತಾನೆ, ಚದರಡಿ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಡಬಲ್ ಗ್ಲಾಸ್ ಹಾಕಿದರೆ ಅವನಿಗೆ ಖರ್ಚು, ಉಳಿತಾಯ ಮಾತ್ರ ಬಾಡಿಗೆದಾರನಿಗೆ. ಯಾಕೆ ಹಾಕುತ್ತಾನೆ ಹೇಳಿ? ಬಾಡಿಗೆದಾರನ ಕಥೆಯೂ ಅಷ್ಟೇ. ಮೂರೋ ಐದೋ ವರ್ಷಕ್ಕೆ ಅಗ್ರಿಮೆಂಟ್ ಮಾಡಿಕೊಂಡವನು ಇನ್ನೊಬ್ಬರ ಕಟ್ಟಡಕ್ಕೆ ಹೊಸ ಚಿಲ್ಲರ್ (ಸೆಂಟ್ರಲ್ ಎಸಿಗೆ ನೀರು ತಣ್ಣಗೆ ಮಾಡುವ ಯಂತ್ರ) ಯಾಕೆ ಹಾಕಿಸಬೇಕು? ಮಧ್ಯದಲ್ಲಿ ನಮ್ಮಂಥ ಮೇಂಟೆನೆನ್ಸ್‌ನವರು. ಯಾರಾದರೂ 'ಸೆಕೆ ಆಗ್ತಿದೆ' ಅಂತ ಕಂಪ್ಲೇಂಟ್ ಹಾಕಿದರೆ ಹತ್ತು ನಿಮಿಷದಲ್ಲಿ ಮ್ಯಾನೇಜರ್ ಫೋನು. ಬಿಲ್ ಹತ್ತು ಸಾವಿರ ಜಾಸ್ತಿ ಬಂದರೆ ಯಾರೂ ಫೋನ್ ಮಾಡುವುದಿಲ್ಲ. ಹಾಗಾಗಿ ಟೆಕ್ನಿಷಿಯನ್ ಹುಡುಗ ಬೆಳಿಗ್ಗೆ ಬಂದವನೇ 19 ಡಿಗ್ರಿಗೆ ಇಟ್ಟು ಆರಾಮಾಗಿ ಟೀ ಕುಡಿಯೋಕೆ ಹೋಗುತ್ತಾನೆ. ಒಳಗೆ ಹುಡುಗಿಯರು ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಕೂತಿರುತ್ತಾರೆ. ಒಂದು ಡಿಗ್ರಿ ಮೇಲೆ ಇಟ್ಟರೆ ಎಸಿಯ ಕರೆಂಟಿನಲ್ಲಿ ಸುಮಾರು 6% ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ಹೇಳುತ್ತಲೇ ಬಂದಿದೆ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳೆಲ್ಲ ಆನ್ ಮಾಡಿದಾಗ ತಾವಾಗಿಯೇ 24 ಡಿಗ್ರಿಗೆ ಸೆಟ್ ಆಗಿರಬೇಕು ಅಂತ ನಿಯಮವೂ ಬಂತು. ಆದರೆ ದೊಡ್ಡ ಆಫೀಸಿನ ಸೆಂಟ್ರಲ್ ಎಸಿಗೆ ಆ ನಿಯಮ ಇಲ್ಲ, ಅಲ್ಲಿ ಮ್ಯಾನೇಜರ್ ಹೇಳಿದ್ದೇ ಡಿಗ್ರಿ.

ನಿಯಮ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 2001ರಲ್ಲೇ ಇಂಧನ ಸಂರಕ್ಷಣಾ ಕಾಯ್ದೆ ಬಂತು. 2007ರಲ್ಲಿ ವಾಣಿಜ್ಯ ಕಟ್ಟಡಗಳಿಗೆ ಅಂತಲೇ ಇಸಿಬಿಸಿ, ಅಂದರೆ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆ, ಬಂತು, 2017ರಲ್ಲಿ ಅದನ್ನು ಬಿಗಿ ಮಾಡಿದರು. 100 ಕಿಲೋವಾಟ್ ಅಥವಾ ಅದಕ್ಕಿಂತ ಜಾಸ್ತಿ ಲೋಡ್ ಇರುವ ಕಟ್ಟಡಗಳಿಗೆ ಅದು ಅನ್ವಯ. ಸರಳ ದಾರಿಯಲ್ಲಿ ಪಾಸಾಗಬೇಕಾದರೆ ಹೊರಗೋಡೆಯಲ್ಲಿ 40%ಗಿಂತ ಜಾಸ್ತಿ ಗಾಜು ಇರುವ ಹಾಗಿಲ್ಲ. ಅದಕ್ಕಿಂತ ಹೆಚ್ಚು ಬೇಕಾದರೆ ಇಡೀ ಕಟ್ಟಡದ ವಿದ್ಯುತ್ ಲೆಕ್ಕವನ್ನು ಕಂಪ್ಯೂಟರಲ್ಲಿ ಮಾಡಿ ತೋರಿಸಬೇಕು. ಇನ್ನೊಂದು ತಮಾಷೆ ನೋಡಿ. ಅದೇ ಸಂಹಿತೆ ಬೆಂಗಳೂರನ್ನು ಹಿತವಾದ ಹವೆಯ ವಲಯಕ್ಕೆ ಸೇರಿಸಿದೆ, ಚೆನ್ನೈಯನ್ನು ಬಿಸಿ-ತೇವದ ವಲಯಕ್ಕೆ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ, ಸಂಜೆಯಾದರೆ ತಣ್ಣನೆ ಗಾಳಿ ಬೀಸುವ ಊರಲ್ಲಿ ಕೂತು ಕಿಟಕಿ ತೆರೆಯಲು ಬಾರದ ಕಟ್ಟಡ ಕಟ್ಟುತ್ತೇವೆ. ಬನ್ನೇರುಘಟ್ಟ ರಸ್ತೆಯ ಐಐಎಂಗೆ ಹೋಗಿ ನೋಡಿ. ಆರ್ಕಿಟೆಕ್ಟ್ ಬಿ.ವಿ. ದೋಶಿ ವಿನ್ಯಾಸ ಮಾಡಿದ್ದು. ಕಲ್ಲಿನ ಗೋಡೆ, ಉದ್ದುದ್ದ ಮೊಗಸಾಲೆ, ಬಳ್ಳಿಯ ನೆರಳು, ನಡುನಡುವೆ ಅಂಗಳ. ಮೇ ತಿಂಗಳಲ್ಲೂ ಆ ಮೊಗಸಾಲೆಯಲ್ಲಿ ನಡೆದರೆ ಹಾಯೆನಿಸುತ್ತದೆ.

ಸರಿ, ಕಟ್ಟಿದ್ದಾಗಿದೆ, ಒಡೆಯೋಕಾಗುತ್ತಾ? ಇರುವುದರಲ್ಲೇ ಮಾಡಬಹುದಾದ್ದು ಬೇಕಾದಷ್ಟಿದೆ. ಮೊದಲನೆಯದಕ್ಕೆ ಒಂದು ಪೈಸೆ ಖರ್ಚಿಲ್ಲ: ಭಾನುವಾರ ಬೆಳಿಗ್ಗೆ ಹೋಗಿ ಮೀಟರ್ ನೋಡಿ. ಆಫೀಸಲ್ಲಿ ಒಬ್ಬ ಸೆಕ್ಯುರಿಟಿ ಬಿಟ್ಟರೆ ಯಾರೂ ಇಲ್ಲ, ಆದರೂ ಮೀಟರ್ ಓಡುತ್ತಿರುತ್ತದೆ. ಏನು ಓಡಿಸುತ್ತಿದೆ ಅಂತ ಒಂದೊಂದೇ ಬ್ರೇಕರ್ ನೋಡುತ್ತಾ ಹೋದರೆ ಮಜಾ ಶುರು. ಪ್ಯಾಂಟ್ರಿಯ ಗೀಸರ್. ಬೇಸ್‌ಮೆಂಟಿನ ಎಕ್ಸಾಸ್ಟ್ ಫ್ಯಾನು. ಯಾರೂ ಇಲ್ಲದ ಮಹಡಿಯಲ್ಲಿ ಸುಮ್ನೆ ತಿರುಗುತ್ತಿರುವ ಎಎಚ್‌ಯು, ಅಂದರೆ ಸೆಂಟ್ರಲ್ ಎಸಿಯ ತಂಪು ಗಾಳಿ ಹಂಚುವ ದೊಡ್ಡ ಫ್ಯಾನು. ನಾಲ್ಕು ಕಂಪ್ಯೂಟರ್ ಇರುವ ಸರ್ವರ್ ರೂಮಿಗೆ 16 ಡಿಗ್ರಿಯಲ್ಲಿ ಎರಡೆರಡು ಎಸಿ. ಎಲ್ಲ ಸೇರಿ 20 ಕಿಲೋವಾಟ್ ಅಂತ ಇಟ್ಟುಕೊಳ್ಳಿ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ 240 ಯೂನಿಟ್. ತಿಂಗಳಿಗೆ 7,200. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 57,600 ರೂಪಾಯಿ. ಭಾನುವಾರದ ಹಗಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅರ್ಧಕ್ಕರ್ಧ ಲೋಡನ್ನು ನಿಲ್ಲಿಸೋಕೆ ಒಂದು ಟೈಮರ್ ಸಾಕು.

ಎರಡನೆಯದು ಔಟ್‌ಡೋರ್ ಯೂನಿಟ್. ಸಣ್ಣ ಆಫೀಸುಗಳಲ್ಲಿ ಇದರಷ್ಟು ಹೊಟ್ಟೆ ಉರಿಸುವುದು ಬೇರೆ ಇಲ್ಲ. ಎದುರಿನಿಂದ ಅಂದ ಕೆಡುತ್ತದೆ ಅಂತ ಆರ್ಕಿಟೆಕ್ಟ್ ಎಲ್ಲ ಯೂನಿಟ್ಟುಗಳನ್ನೂ ಹಿಂದಿನ ಕಿಷ್ಕಿಂಧೆಯಂಥ ಡಕ್ಟಿಗೆ, ಅಂದರೆ ಗೋಡೆಗಳ ನಡುವಿನ ಸಂದಿಗೆ, ತುಂಬಿಸಿರುತ್ತಾನೆ, ಒಂದರ ಮೇಲೆ ಒಂದು, ಮುಂದೆ ಒಂದು ಜಾಲರಿ ಬೇರೆ. ಕೆಳಗಿನದು ಉಗುಳಿದ ಬಿಸಿ ಗಾಳಿಯನ್ನೇ ಮೇಲಿನದು ಒಳಗೆ ಎಳೆದುಕೊಳ್ಳುತ್ತದೆ. ಹೊರಗೆ 32 ಡಿಗ್ರಿ ಇದ್ದರೆ ಆ ಡಕ್ಟಿನ ಮೇಲ್ತುದಿಯಲ್ಲಿ ಕೈ ಇಡೋಕಾಗುವುದಿಲ್ಲ. ಕಾವು ಹೊರಗೆ ಬಿಡುವ ಕಾಯಿಲಿನ ಮೇಲೆ ಪಾರಿವಾಳದ ಪುಕ್ಕ, ಧೂಳು ಸೇರಿ ಕಂಬಳಿ ಹೊದಿಸಿದ ಹಾಗೆ ಆಗಿರುತ್ತದೆ. ಫೈವ್ ಸ್ಟಾರ್ ಎಸಿ ಅಂತ ಜಾಸ್ತಿ ಕೊಟ್ಟು ತಂದದ್ದು ಇಲ್ಲಿ ಏದುಸಿರು ಬಿಡುತ್ತಿರುತ್ತದೆ. ಜಾಲರಿ ತೆಗೆದು, ಕಾಯಿಲ್ ತೊಳೆದು, ಬಿಸಿ ಗಾಳಿ ಹೊರಗೆ ಹೋಗುವ ಹಾಗೆ ತಗಡಿನ ದಾರಿ ಮಾಡಿದರೆ ಸಾಕು, ಹೊಸ ಎಸಿ ಬೇಡ.

ದೊಡ್ಡ ಕಟ್ಟಡಗಳಲ್ಲಿ ವಿಎಫ್‌ಡಿ ಅಂತ ಒಂದು ಪೆಟ್ಟಿಗೆ ಇರುತ್ತದೆ, ಮೋಟಾರಿನ ವೇಗ ಹೆಚ್ಚು-ಕಡಿಮೆ ಮಾಡುವುದು. ಫ್ಯಾನಿನ ವೇಗ 20% ಇಳಿಸಿದರೆ ಅದು ತಿನ್ನುವ ಕರೆಂಟು ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಒಳ್ಳೆ ಲಾಭ ಚಿಟ್ ಫಂಡ್‌ನವರೂ ಹೇಳುವುದಿಲ್ಲ. ಆದರೆ ಎಎಚ್‌ಯು ರೂಮಿಗೆ ಹೋಗಿ ನೋಡಿದರೆ ಆ ಪೆಟ್ಟಿಗೆಯ ಮೇಲೆ 50 ಹರ್ಟ್ಸ್, ಅಂದರೆ ಪೂರ್ತಿ ವೇಗ, ಅಂತ ಸ್ಥಿರವಾಗಿ ಕೂತಿರುತ್ತದೆ, ಮ್ಯಾನ್ಯುಯಲ್ ಮೋಡಲ್ಲಿ. ಯಾವತ್ತೋ ಸೆನ್ಸರ್ ಕೆಟ್ಟಿತ್ತು, ಯಾರೋ ಮ್ಯಾನ್ಯುಯಲ್‌ಗೆ ಹಾಕಿದರು, ಅಲ್ಲಿಗೆ ಮುಗೀತು.

ಸೋಲಾರ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ಒಂದು ಮಾತು. ಒಂದು ಕಿಲೋವಾಟ್ ಪ್ಯಾನಲ್ಲಿಗೆ ಸುಮಾರು ನೂರು ಚದರಡಿ ಜಾಗ ಬೇಕು, ದಿನಕ್ಕೆ ಅಂದಾಜು ನಾಲ್ಕು ಯೂನಿಟ್ ಬರುತ್ತದೆ. ಹತ್ತು ಮಹಡಿಗೆ ಇರುವುದು ಒಂದೇ ಟೆರೇಸ್, ಅದರಲ್ಲೂ ಕೂಲಿಂಗ್ ಟವರ್, ನೀರಿನ ಟ್ಯಾಂಕ್. ಹಾಕಿಸಿ, ಬೇಡ ಅನ್ನಲ್ಲ. ಮೊದಲು ಸೋರುವುದನ್ನು ನಿಲ್ಲಿಸಿ.

ಬಿಲ್ ಕಟ್ಟುವವನೇ ಕಟ್ಟಡವನ್ನೂ ಕಟ್ಟಿದರೆ ಏನಾಗುತ್ತದೆ ಅನ್ನೋದಕ್ಕೆ ಹೈದರಾಬಾದಿನ ಪೋಚಾರಂನಲ್ಲಿ ಇನ್ಫೋಸಿಸ್‌ನವರ ಕಟ್ಟಡವೇ ಸಾಕ್ಷಿ. ಒಂದೇ ಕಟ್ಟಡವನ್ನು ಎರಡು ಸಮ ಭಾಗ ಮಾಡಿ, ಒಂದರಲ್ಲಿ ಮಾಮೂಲಿ ಎಸಿ, ಇನ್ನೊಂದರಲ್ಲಿ ಕಾಂಕ್ರೀಟ್ ಸ್ಲ್ಯಾಬಿನೊಳಗಿನ ಪೈಪುಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ ಮಾಡಿದರು. ತಣ್ಣೀರಿನ ಭಾಗಕ್ಕೆ ಸುಮಾರು ಮೂರನೇ ಒಂದು ಪಾಲು ಕಡಿಮೆ ಕರೆಂಟ್ ಸಾಕಾಯಿತು. ಅವರದೇ ಕಟ್ಟಡ, ಅವರದೇ ಬಿಲ್ಲು, ಅದಕ್ಕೇ ಇಷ್ಟು ತಲೆ ಓಡಿತು.

ಲಾಬಿಯಲ್ಲಿ ನೇತುಹಾಕಿರುವ 'ಹಸಿರು ಕಟ್ಟಡ' ಸರ್ಟಿಫಿಕೇಟಿನ ಫಲಕ ನೋಡಿ ಮರುಳಾಗಬೇಡಿ. ಹೊಸ ಕಟ್ಟಡಕ್ಕೆ ಕೊಡುವ ಇಂಥ ಸರ್ಟಿಫಿಕೇಟ್ ಬಹುಮಟ್ಟಿಗೆ ವಿನ್ಯಾಸ ನೋಡಿ ಕೊಡುವುದು. ಬಿಇಇ ಆಫೀಸ್ ಕಟ್ಟಡಗಳಿಗೆ ಕೊಡುವ ಸ್ಟಾರ್ ಹಾಗಲ್ಲ, ಅದು ಚದರ ಮೀಟರಿಗೆ ವರ್ಷಕ್ಕೆ ನಿಜವಾಗಿ ಎಷ್ಟು ಯೂನಿಟ್ ಖರ್ಚಾಯ್ತು ಅಂತ ನೋಡುತ್ತದೆ. ನೀವೇ ಆಫೀಸ್ ಬಾಡಿಗೆಗೆ ಹುಡುಕುತ್ತಿದ್ದರೆ ಈ ಲೆಕ್ಕ ನೀವೂ ಮಾಡಬಹುದು. ಕಳೆದ ಹನ್ನೆರಡು ತಿಂಗಳ ಕರೆಂಟ್ ಬಿಲ್ ಕೊಡಿ ಅಂತ ಬಿಲ್ಡರನ್ನು ಕೇಳಿ, ವಿಸ್ತೀರ್ಣದಿಂದ ಭಾಗಿಸಿ, ಪಕ್ಕದ ಕಟ್ಟಡದ್ದೂ ತಂದು ಹೋಲಿಸಿ, ಆಮೇಲೆ ಬಾಡಿಗೆ ಚೌಕಾಸಿಗೆ ಕೂರಿ. 'ಅದೆಲ್ಲ ಯಾರೂ ಕೇಳಲ್ಲ ಸಾರ್' ಅಂದರೆ, ನಾವು ಕೇಳ್ತಿದ್ದೀವಲ್ಲ ಅನ್ನಿ.