ಸಾವಿರಕ್ಕೊಂದು ಅದೃಷ್ಟ

ಬೆಳಗ್ಗೆ ಎದ್ದು ಮೊಬೈಲ್ ಮುಟ್ಟಿದರೆ ಅದೇ ಟ್ರ್ಯಾಕ್ಟರ್. ಹಳೇ 5 ರೂಪಾಯಿ ನೋಟಿನ ಹಿಂಬದಿಯಲ್ಲಿ, ಸೂರ್ಯ ಮೂಡುವ ಹೊತ್ತಿಗೇ ಹೊಲ ಉಳಲು ಇಳಿದಿರುವ ಆ ರೈತನಿಗೆ ಪಾಪ, ಇತ್ತೀಚೆಗೆ ಬಿಡುವೇ ಇಲ್ಲ. ‘ನಿಮ್ಮ ಮನೇಲಿ ಈ ನೋಟು ಇದೆಯಾ? ನಂಬರಿನಲ್ಲಿ 786 ಇದೆಯಾ? ಹಾಗಾದ್ರೆ ನೀವೇ ಲಕ್ಷಾಧಿಪತಿ!’ ದಿನಾ ಇದೇ ಸುದ್ದಿ. ನೋಟಿಗೆ ಸಿಗುತ್ತದೆ ಅನ್ನುವ ಬೆಲೆ ಹೋದ ವಾರ ಐದು ಲಕ್ಷ ಇದ್ದದ್ದು ಈ ವಾರ ಏಳಾಗಿದೆ. ನಿಜವಾದ ಟ್ರ್ಯಾಕ್ಟರ್ ಇಟ್ಟುಕೊಂಡವನು ಬ್ಯಾಂಕಿನ ಕಂತು ಕಟ್ಟಲಾರದೆ ಒದ್ದಾಡುತ್ತಿದ್ದಾನೆ. ಟ್ರ್ಯಾಕ್ಟರ್ ಚಿತ್ರ ಇಟ್ಟುಕೊಂಡವನು ಲಕ್ಷಾಧಿಪತಿ. ಕೃಷಿ ಲಾಭದಾಯಕ ಅಲ್ಲ ಅಂದವರು ಯಾರ್ರೀ?

ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ನೋಟಿನ ನಂಬರಿನಲ್ಲಿ ಮೊದಲು ಒಂದು ಪ್ರಿಫಿಕ್ಸ್, ಅಂದರೆ ಅಕ್ಷರವಿರುವ ಗುರುತು, ಆಮೇಲೆ ಆರು ಅಂಕಿ. ಆರು ಅಂಕಿಯೆಂದರೆ ಒಂದು ಪ್ರಿಫಿಕ್ಸಿಗೆ ಹತ್ತು ಲಕ್ಷ ನೋಟು. ಅದರಲ್ಲಿ 786ಕ್ಕೆ ಮುಗಿಯುವುದು ಸರಿಯಾಗಿ ಒಂದು ಸಾವಿರ. ಕೊನೆಯಲ್ಲೇ ಯಾಕೆ, ಎಲ್ಲಿದ್ದರೂ ಸರಿ ಅಂತೀರಾ? 3,999. ನಾಲ್ಕು ಸಾವಿರ ಯಾಕಲ್ಲ ಅಂದರೆ 786786 ಅನ್ನು ಎರಡು ಸಲ ಎಣಿಸುವಂತಿಲ್ಲ. ಅಂದರೆ ಸರಾಸರಿ 250 ನೋಟಿಗೊಂದು ಲಕ್ಷಾಧಿಪತಿ. ನೂರು ನೋಟುಗಳ ಹತ್ತು ಪ್ಯಾಕೆಟ್ ಸೇರಿದ ಒಂದು ಬಂಡಲ್ ಬಿಚ್ಚಿದರೆ ಸರಾಸರಿ ನಾಲ್ಕು ಮನೆ ಉದ್ಧಾರ. ಮೈಸೂರಿನ ಮೇಟಗಳ್ಳಿಯಲ್ಲಿ ನೋಟು ಮುದ್ರಿಸುವವರು ಇಷ್ಟೆಲ್ಲ ಅದೃಷ್ಟವನ್ನು ತಾವೇ ಮುದ್ರಿಸಿ ಲಾರಿಗೆ ತುಂಬಿ ಕಳಿಸಿ, ತಿಂಗಳ ಸಂಬಳಕ್ಕೆ ಕಾಯುತ್ತಾರಲ್ಲ, ಅವರ ತ್ಯಾಗಕ್ಕೊಂದು ಪ್ರಶಸ್ತಿ ಕೊಡಬೇಕು.

ಹಿಂದೆ ಮುಂದೆ ಓದಿದರೂ ಒಂದೇ ಆಗುವ ನಂಬರನ್ನು ಸಂಗ್ರಾಹಕರು ರೇಡಾರ್ ಅನ್ನುತ್ತಾರೆ, ಮೂರಂಕಿ ಮರುಕಳಿಸಿದರೆ ರಿಪೀಟರ್. ಇವೂ ಸಾವಿರಕ್ಕೊಂದೇ. 427ರಿಂದ ಶುರುವಾಗುವ ಸಾವಿರ ನೋಟಿನಲ್ಲಿ 427724 ಒಂದು, 427427 ಒಂದು. ನಿಜಕ್ಕೂ ಕಡಿಮೆ ಇರುವುದು ಆರೂ ಅಂಕಿ ಒಂದೇ ಆಗಿರುವ ಸಾಲಿಡ್: 111111ರಿಂದ 999999ರವರೆಗೆ ಹತ್ತು ಲಕ್ಷಕ್ಕೆ ಒಂಬತ್ತು. ಆಮೇಲೆ 000001. ಇವಕ್ಕೆ ಒಳ್ಳೆಯ ಬೆಲೆ ಕೊಡುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಹುಟ್ಟಿದ ದಿನದ ನೋಟೂ ಬಿಕರಿಯಾಗುತ್ತದೆ. 150890 ಅಂದರೆ 1990ರ ಆಗಸ್ಟ್ 15, ಚೌಕಟ್ಟು ಹಾಕಿಸಿ ಮದುಮಗನ ಕೈಗೆ. ನಮ್ಮ ಹಿರಿಯರಿಗೆ ಕೊಡುವುದಾದರೆ ಎರಡೆರಡು ನೋಟು ಹುಡುಕಬೇಕು: ಹುಟ್ಟಿದ ದಿನದ್ದೊಂದು, ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದುಕೊಂಡ ಜೂನ್ 1ರದ್ದೊಂದು.

ನಂಬರು ಎಷ್ಟೇ ಚೆನ್ನಾಗಿರಲಿ, ಬಲ್ಲವನು ಮೊದಲು ನೋಡುವುದು ನೋಟಿನ ಆರೋಗ್ಯ. ನಮ್ಮಲ್ಲಿ 786 ಸಿಕ್ಕ ಕೂಡಲೇ ಏನು ಮಾಡುತ್ತಾರೆ? ನಾಲ್ಕು ಮಡಿಕೆ ಮಡಚಿ ಪರ್ಸಿನ ಒಳಜೇಬಿಗೆ ತುರುಕುತ್ತಾರೆ. ಇಲ್ಲವೇ ದೇವರ ಮುಂದಿಟ್ಟು ಅರಿಶಿನ ಕುಂಕುಮ ಏರಿಸುತ್ತಾರೆ. ಇನ್ನೂ ಭಕ್ತಿ ಜಾಸ್ತಿಯಾದವರು ಲ್ಯಾಮಿನೇಷನ್ ಮಾಡಿಸುತ್ತಾರೆ. ಅಲ್ಲಿಗೆ ಅದರ ಕತೆ ಮುಗಿಯಿತು, ಆ ಪ್ಲಾಸ್ಟಿಕ್ ಕಿತ್ತರೆ ಕಾಗದವೂ ಕಿತ್ತು ಬರುತ್ತದೆ. ಮಡಿಕೆ ಹೋಗಲಿ ಅಂತ ಇಸ್ತ್ರಿ ಹಾಕುವ ಜಾಣರೂ ಇದ್ದಾರೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ: ಮಡಿಕೆಯ ಗೆರೆ ಅಲ್ಲೇ ಇರುತ್ತದೆ, ಮಾಯವಾಗಿರುವುದು ಬೆರಳಿಗೆ ತಾಗಬೇಕಿದ್ದ ಉಬ್ಬು ಮುದ್ರಣ. ಅಗ್ಗದ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಮ್ಮಿನಲ್ಲಿಟ್ಟರೆ ಕೆಲವು ವರ್ಷಕ್ಕೆ ಅಂಟಂಟು. ಹಳೇ ನೋಟಿನ ಎಡಭಾಗದ ಪಿನ್ನು ತೂತನ್ನು ಮಾತ್ರ ಕ್ಷಮಿಸುತ್ತಾರೆ, ಆಗ ಬ್ಯಾಂಕಿನವರು ಪ್ಯಾಕೆಟ್ಟಿಗೇ ಪಿನ್ನು ಹೊಡೆಯುತ್ತಿದ್ದರು.

ಅದೃಷ್ಟ ತಾನಾಗಿ ಬರದಿದ್ದರೆ ಬ್ಲೇಡು ಇದ್ದೇ ಇದೆ. 788ರ ಕೊನೆಯ 8ರಲ್ಲಿ ಬಲಗಡೆ ಮೇಲಿನ ಬಾಗನ್ನು ಕೆರೆದರೆ 6. ನೋಟಿನಲ್ಲಿ ನಂಬರು ಎರಡು ಕಡೆ ಇರುತ್ತದೆ ಅನ್ನುವುದು ಕೆರೆಯುವಾಗ ಮರೆತು ಹೋಗುತ್ತದೆ. ಎರಡೂ ಕಡೆ ಕೆರೆದ ಶ್ರಮಜೀವಿಯನ್ನು ಹಿಡಿಯಲು ಯುವಿ (ನೇರಳಾತೀತ) ದೀಪ ಸಾಕು: ನಂಬರಿನ ಶಾಯಿ ಹೊಳೆಯುತ್ತದೆ, ಕೆರೆದ ಜಾಗ ಸಪ್ಪೆ ಮೋರೆ ಹಾಕಿ ಕೂತಿರುತ್ತದೆ. 2015ರಿಂದೀಚಿನ ನೋಟುಗಳಲ್ಲಿ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತಾ ಹೋಗುತ್ತವೆ, ಅಲ್ಲಿ ಬ್ಲೇಡಿನ ಆಟ ಇನ್ನೂ ಕಷ್ಟ.

ಇನ್ನು ‘ಹಳೇ 500, 1000ದ ನೋಟಿಗೂ ಭಾರೀ ಬೇಡಿಕೆ’ ಅನ್ನುವ ಮಹನೀಯರೇ, 2017ರ ಕಾಯ್ದೆಯೊಂದಿದೆ. ರದ್ದಾದ ಆ ನೋಟುಗಳನ್ನು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನಕ್ಕೆ, ಸಂಗ್ರಹಕ್ಕೆ ಅಂದರೆ ಇಪ್ಪತ್ತೈದು. ಮೀರಿದರೆ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ನೋಟಿನ ಮೊತ್ತದ ಐದು ಪಟ್ಟು, ಯಾವುದು ಜಾಸ್ತಿಯೋ ಅದು. ‘ಹೆಚ್ಚು ಹೆಚ್ಚು ಕೂಡಿಡಿ’ ಅಂತ ಬರೆಯುವ ಮುಂಚೆ ಓದುಗರಿಗೊಬ್ಬ ವಕೀಲರನ್ನೂ ಗೊತ್ತು ಮಾಡಿ.

ಈಗ ಫೋನಿನ ವಿಷಯ. ಸುದ್ದಿ ನಂಬಿ ನೋಟಿನ ಫೋಟೋ ಹಾಕಿದ ಅರ್ಧ ಗಂಟೆಗೆ ‘ಕೊಳ್ಳುವವರ’ ಕರೆ ಬರುತ್ತದೆ.

‘ಮೇಡಂ, ನಿಮ್ಮ ನೋಟು ಅಪ್ರೂವ್ ಆಗಿದೆ. ಏಳು ಲಕ್ಷ. ರಿಜಿಸ್ಟ್ರೇಷನ್ ಚಾರ್ಜ್ ಮಾತ್ರ ಕಳಿಸಿ.’

‘ಆ ಏಳು ಲಕ್ಷದಲ್ಲೇ ಹಿಡ್ಕೊಳಿ ಸರ್.’

‘ಸಿಸ್ಟಂ ಒಪ್ಪಲ್ಲ ಮೇಡಂ.’

ಎಂಥ ಸ್ವಾಭಿಮಾನಿ ಸಿಸ್ಟಂ! ರಿಜಿಸ್ಟ್ರೇಷನ್ ಆದ ಮೇಲೆ ಜಿಎಸ್‌ಟಿ, ಆಮೇಲೆ ವಿಮೆ, ಆಮೇಲೆ ರಿಸರ್ವ್ ಬ್ಯಾಂಕಿನ ಮೊಹರು ಇರುವ ‘ಎನ್‌ಒಸಿ’, ಅಂದರೆ ನಿರಾಕ್ಷೇಪಣಾ ಪತ್ರ. ಮೊಹರು ಎಷ್ಟು ಸ್ಫುಟವಾಗಿರುತ್ತದೆಂದರೆ ಅಸಲಿ ಪತ್ರದಲ್ಲೂ ಅಷ್ಟು ಸ್ಫುಟ ಇರುವುದಿಲ್ಲ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ, ಶುಲ್ಕ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿತು. ಯಾರು ಕೇಳಬೇಕು?

ತಮಾಷೆ ಸಾಕು. ಈ ‘ಲಕ್ಷಾಧಿಪತಿ’ ಸುದ್ದಿ ಬರೆಯುವವರಿಗೆ ಇದು ಸುಳ್ಳೆಂದು ಚೆನ್ನಾಗಿ ಗೊತ್ತಿದೆ. ಕೊಳ್ಳುವವರು ಯಾರು, ಎಲ್ಲಿದ್ದಾರೆ, ಯಾವತ್ತು ಕೊಂಡರು ಅನ್ನುವ ಒಂದು ಸಾಲೂ ಅದರಲ್ಲಿ ಇರುವುದಿಲ್ಲ. ಆದರೂ ದಿನಾ ಬರೆಯುತ್ತಾರೆ, ಒಬ್ಬೊಬ್ಬರು ಒತ್ತಿದಾಗಲೂ ಜಾಹೀರಾತಿನ ನಾಲ್ಕು ಕಾಸು ಬೀಳುತ್ತದೆ. ಪಿಂಚಣಿಯಲ್ಲಿ ಉಳಿಸಿದ್ದನ್ನು ‘ರಿಜಿಸ್ಟ್ರೇಷನ್’ಗೆ ಕಳಿಸಿದ ಮುದುಕಿಯ ಸುದ್ದಿ ಬಂದಾಗ ಅದನ್ನೂ ಅವರೇ ಹಾಕುತ್ತಾರೆ, ಕೆಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂಬ ಬುದ್ಧಿಮಾತು ಬೇರೆ. ಅದಕ್ಕೂ ಜಾಹೀರಾತು. ನಾಚಿಕೆಯಾಗಬೇಕು.

ಯಾವುದನ್ನು ನಂಬುತ್ತೇವೆ ಅನ್ನುವುದೇ ವಿಚಿತ್ರ. ಮುದ್ರಣದಲ್ಲಿ ಕೆಟ್ಟ ನೋಟಿನ ಜಾಗಕ್ಕೆ ನಕ್ಷತ್ರದ ಗುರುತಿನ ನೋಟು ಹಾಕುವ ಪದ್ಧತಿ 2006ರದ್ದು. ಹದಿನೇಳು ವರ್ಷ ಅದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. 2023ರಲ್ಲಿ ಒಂದು ವಾಟ್ಸಾಪ್ ಸಂದೇಶ ಬಂತು ನೋಡಿ, ರಾತ್ರೋರಾತ್ರಿ ಅದು ಖೋಟಾ ನೋಟಾಗಿಬಿಟ್ಟಿತು. ಅದು ಅಸಲಿಯೇ ಅಂತ ರಿಸರ್ವ್ ಬ್ಯಾಂಕ್ ಜುಲೈನಲ್ಲಿ ಪ್ರಕಟಣೆ ಕೊಡಬೇಕಾಯಿತು. 10 ರೂಪಾಯಿ ನಾಣ್ಯದ ಪಾಡಂತೂ ಕೇಳಲೇಬೇಡಿ. ಹದಿನಾಲ್ಕು ವಿನ್ಯಾಸವೂ ಚಲಾವಣೆಯಲ್ಲಿವೆ ಅಂತ 2018ರಲ್ಲೇ ಹೇಳಿದ್ದಾರೆ, ಇವತ್ತಿಗೂ ಎಷ್ಟೋ ಊರಿನ ಅಂಗಡಿಯಲ್ಲಿ ‘ನಡೆಯಲ್ಲ’.

ಹಾಗಾಗಿ, 786 ಇರುವ 10 ರೂಪಾಯಿ ನೋಟು ನಿಮ್ಮ ಕೈಯಲ್ಲಿದ್ದರೆ, ಮಾರುಕಟ್ಟೆ ದರ ತಿಳಿಯುವ ಸುಲಭ ದಾರಿ ಹತ್ತಿರದ ಬೇಕರಿ. ಕೊಟ್ಟು ನೋಡಿ. ಅವನು ಬೆಳಕಿಗೆ ಹಿಡಿಯುತ್ತಾನೆ, ತಿರುಗಿಸುತ್ತಾನೆ, ಮಡಿಕೆಯ ಹತ್ತಿರ ಉಗುರಾಡಿಸುತ್ತಾನೆ.

‘ಸರ್, ಇದು ಹರಿದಿದೆ. ಬೇರೆ ಕೊಡಿ. ಕಾಯಿನ್ ಬೇಡ.’