ಕೋಡಿನಲ್ಲಿರುವ ಈ ಸಮಯ ಸೆಕೆಂಡಾ, ನ್ಯಾನೋಸೆಕೆಂಡಾ (ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ)? ಒಂದು ಸಾಲು ಬರೆದಿಡೋಕೆ ಏನು ಕಷ್ಟ?

ಮೂರು ದಿನ ಹಾಳಾಯಿತು. ಒಂದೇ ಒಂದು ಸಂಖ್ಯೆಯ ಹಿಂದೆ ಓಡಾಡಿ ಮೂರು ದಿನ.

ನಮ್ಮ ಪೈಥಾನ್ ಪ್ರೋಗ್ರಾಂಗೆ ಯಾರೋ ಸಿ ಭಾಷೆಯಲ್ಲಿ ಬರೆದುಕೊಟ್ಟ ಎಕ್ಸ್‌ಟೆನ್ಷನ್, ಅಂದರೆ ಪೈಥಾನ್‌ಗೆ ಜೋಡಿಸುವ ಕೋಡ್, ಇದೆ. ಫೈಲು ಕೊನೆಯ ಸಲ ಯಾವಾಗ ಬದಲಾಯಿತು ಅಂತ ನೋಡಬೇಕು, ಬದಲಾಗಿದ್ದರೆ ಮಾತ್ರ ಮತ್ತೆ ಓದಬೇಕು. ಇಷ್ಟೇ ಅದರ ಕೆಲಸ. ಆದರೆ ಯಾರೂ ಮುಟ್ಟದ ಫೈಲನ್ನೂ ಅದು ಪ್ರತಿ ಸಲ ಬದಲಾಗಿದೆ ಅನ್ನುತ್ತಿತ್ತು. ಕ್ಯಾಶ್ ಮೇಲೆ ಅನುಮಾನ ಪಟ್ಟೆ, ಡಿಸ್ಕ್ ಮೇಲೆ ಪಟ್ಟೆ. ಕೊನೆಗೆ ನೋಡಿದರೆ, ಫೈಲಿನ ಸಮಯವನ್ನು ಡಬಲ್‌ಗೆ (ದಶಮಾಂಶ ಸಂಖ್ಯೆ ಇಡುವ 64 ಬಿಟ್‌ನ ಜಾಗಕ್ಕೆ) ತುರುಕಿ ಆಚೆ ದಾಟಿಸಿದ್ದಾರೆ!

ಡಬಲ್ ಪೂರ್ಣಾಂಕವನ್ನು ಸರಿಯಾಗಿ ಹಿಡಿದಿಡುವುದು 53 ಬಿಟ್‌ವರೆಗೆ ಮಾತ್ರ. ಈ ಲೆಕ್ಕ ಸೊನ್ನೆಯಿಂದ ಶುರುವಾಗುವ 1970ರಿಂದ ಇಲ್ಲಿಯವರೆಗಿನ ನ್ಯಾನೋಸೆಕೆಂಡುಗಳನ್ನು ಎಣಿಸಿದರೆ 19 ಅಂಕಿ ಆಗುತ್ತದೆ. ಅಷ್ಟು ದೊಡ್ಡ ಸಂಖ್ಯೆ ಡಬಲ್‌ನಲ್ಲಿ 256ರ ಹೆಜ್ಜೆ ಇಟ್ಟು ಸಾಗುತ್ತದೆ. ನಡುವಿನದೆಲ್ಲ ಉದುರಿಹೋಗುತ್ತದೆ. ಹೋದ ಸಮಯವೇ ವಾಪಸ್ ಬರುವುದಿಲ್ಲ ಅಂದಮೇಲೆ ಹಿಂದೆ ಬರೆದಿಟ್ಟ ಸಮಯ, ಫೈಲಿನ ಈಗಿನ ಸಮಯ ಎರಡೂ ಸಮ ಇವೆಯಾ ಅಂತ ಕೇಳಿ ಏನು ಪ್ರಯೋಜನ? ಪೈಥಾನ್ 2012ರಲ್ಲೇ, 3.3 ಆವೃತ್ತಿಯಿಂದ, ಫೈಲಿನ ಸಮಯವನ್ನು ನ್ಯಾನೋಸೆಕೆಂಡ್ ಪೂರ್ಣಾಂಕವಾಗಿ ಕೊಡುತ್ತಿದೆ. ಅದನ್ನು ಬಳಸಿದ್ದರೆ ಸಾಕಿತ್ತು.

ಸರಿ, ಪೂರ್ಣಾಂಕ ಮಾಡೋಣ ಅಂತ ಹೊರಟೆ. ಫಂಕ್ಷನ್‌ಗೆ ಸಮಯ ಕೊಡುವ ಪ್ಯಾರಾಮೀಟರ್ ಹೆಸರು ಬರೀ 'ಟಿ'. ಯಾವ ಮಾನ? ಸಿ ಭಾಷೆಯಲ್ಲಿ ಸಮಯ ಇಡಲು ಎರಡು ರಚನೆಗಳಿವೆ: ಟೈಮ್‌ವ್ಯಾಲ್‌ನಲ್ಲಿ ಸೆಕೆಂಡಿನ ಪಕ್ಕ ಇರುವುದು ಮೈಕ್ರೋಸೆಕೆಂಡ್, ಟೈಮ್‌ಸ್ಪೆಕ್‌ನಲ್ಲಿ ನ್ಯಾನೋಸೆಕೆಂಡ್. ಜಾವಾಸ್ಕ್ರಿಪ್ಟ್ ಕಡೆಯಿಂದ ಬಂದರೆ ಮಿಲಿಸೆಕೆಂಡ್. ಎಲ್ಲವೂ ನೋಡಲು ಬರೀ ಅಂಕಿಗಳೇ. ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಒಂದು ಮಾತೂ ಆಡುವುದಿಲ್ಲ.

ಅದೂ ಮುಗಿಯಿತು ಅಂದುಕೊಂಡರೆ, 1970ಕ್ಕಿಂತ ಹಿಂದಿನ ತಾರೀಕು ಹಾಕಿಟ್ಟ ಹಳೆ ಫೋಟೋ ಫೈಲುಗಳು ಕೈಕೊಟ್ಟವು. ಆ ಸಮಯ ಮೈನಸ್‌ನಲ್ಲಿರುತ್ತದೆ, ಅಲ್ವಾ? ಮೈನಸ್ ಒಂದೂವರೆ ಸೆಕೆಂಡ್ ಅಂದುಕೊಳ್ಳಿ. ಪೈಥಾನ್ ಅದನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸಿ ಭಾಗಿಸುತ್ತದೆ: ಮೈನಸ್ 2 ಸೆಕೆಂಡ್, ಉಳಿದದ್ದು ಪ್ಲಸ್ 50 ಕೋಟಿ ನ್ಯಾನೋಸೆಕೆಂಡ್. ಸಿ ಭಾಷೆ ಸೊನ್ನೆಯ ಕಡೆಗೆ ಕತ್ತರಿಸುತ್ತದೆ: ಮೈನಸ್ 1 ಸೆಕೆಂಡ್, ಮೈನಸ್ 50 ಕೋಟಿ ನ್ಯಾನೋಸೆಕೆಂಡ್. ಟೈಮ್‌ಸ್ಪೆಕ್‌ನ ನ್ಯಾನೋಸೆಕೆಂಡ್ ಜಾಗದಲ್ಲಿ ಮೈನಸ್ ಇರುವಂತೆಯೇ ಇಲ್ಲ. ಆಪರೇಟಿಂಗ್ ಸಿಸ್ಟಂ ಎರರ್ ಕೊಡುತ್ತದೆ. ಈ ಎಕ್ಸ್‌ಟೆನ್ಷನ್ ಆ ಎರರನ್ನು ನೋಡುವುದೇ ಇಲ್ಲ, ಸುಮ್ನೆ ಮುಂದೆ ಹೋಗುತ್ತದೆ. ನನಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೇ. ತಪ್ಪು ಯಾರಿಗಾದರೂ ಆಗುತ್ತದೆ. ಗೊತ್ತಾದ ತಪ್ಪನ್ನು ನುಂಗಿಬಿಡುವುದು ಯಾಕೆ?

ಟೈಮ್‌ಝೋನ್ ಕಥೆಯೂ ಇದೆ. ಝೋನ್ ಇಲ್ಲದ ತಾರೀಕನ್ನು ಇವರು ಎಂಕೆಟೈಮ್‌ಗೆ (ತಾರೀಕನ್ನು ಸೆಕೆಂಡಾಗಿಸುವ ಸಿ ಫಂಕ್ಷನ್‌ಗೆ) ಕೊಡುತ್ತಾರೆ. ಅದು ಆ ಯಂತ್ರದ ಸ್ಥಳೀಯ ಸಮಯ ಅಂತಲೇ ತಿಳಿಯುತ್ತದೆ. ಯುಟಿಸಿಯಲ್ಲಿರುವ (ಲೋಕಕ್ಕೆಲ್ಲ ಒಂದೇ ಆದ ಮೂಲ ಸಮಯದಲ್ಲಿರುವ) ಸರ್ವರ್‌ನಲ್ಲಿ ಟೆಸ್ಟ್ ಎಲ್ಲ ಪಾಸ್, ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ಗಂಟೆಗಟ್ಟಲೆ ವ್ಯತ್ಯಾಸ.

ಬರೆದವರನ್ನು ಕೇಳಿದರೆ "ಎಲ್ಲರಿಗೂ ಗೊತ್ತಿರುತ್ತೆ ಅಂದುಕೊಂಡಿದ್ವಿ" ಅಂದರು. ಹೇಗೆ ಗೊತ್ತಿರುತ್ತದೆ ಸ್ವಾಮಿ? 'ಟಿ' ನೋಡಿಯಾ? ಹೆಸರಿನ ಕೊನೆಗೆ ನ್ಯಾನೋಸೆಕೆಂಡ್ ಅನ್ನಲು 'ಎನ್ಎಸ್' ಅಂತ ಎರಡು ಅಕ್ಷರ ಸೇರಿಸಿ, ಯುಟಿಸಿ ಅಂತ ಒಂದು ಕಾಮೆಂಟ್ ಹಾಕಿ. ನಾನು ಕೇಳುತ್ತಿರುವುದು ಅಷ್ಟೇ.

ಇನ್ನೂ ಎಂಟು ಫಂಕ್ಷನ್ ಬಾಕಿ ಇವೆ. ಎಲ್ಲದರಲ್ಲೂ 'ಟಿ' ಅಂತಲೇ ಇದೆ. ಒಂದೊಂದನ್ನೂ ತೆರೆದು ನೋಡಬೇಕು.