ಕಪ್ಪುಕುಳಿಯ ಕಥೆಯಲ್ಲಿ ನಮ್ಮ ವಿಶ್ವೇಶ್ವರ ಎಲ್ಲಿ?

ಕಪ್ಪುಕುಳಿ ಅಂದರೆ ಬ್ಲ್ಯಾಕ್ ಹೋಲ್, ಬೆಳಕೂ ಹೊರಬರಲಾಗದಷ್ಟು ಕುಸಿದ ವಸ್ತು. ಅದರ ಬಗ್ಗೆ ಯಾರೇ ಬರೆದರೂ ಭಾರತದ ಖಗೋಳವಿಜ್ಞಾನಿ ಚಂದ್ರಶೇಖರ್ ಮತ್ತು ಬ್ರಿಟನ್ನಿನ ಹೆಸರಾಂತ ಖಗೋಳವಿಜ್ಞಾನಿ ಎಡಿಂಗ್ಟನ್ ಜಟಾಪಟಿ ಬಂದೇ ಬರುತ್ತದೆ; ನಮ್ಮ ಬೆಂಗಳೂರಿನ ಭೌತವಿಜ್ಞಾನಿ ವಿಶ್ವೇಶ್ವರ ಮಾತ್ರ ಕಾಣುವುದಿಲ್ಲ. 1935ರ ಜನವರಿ, ಲಂಡನ್‌ನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ. ಉರಿದು ಮುಗಿದ ನಕ್ಷತ್ರದ ತೂಕ ಸೂರ್ಯನ ಸುಮಾರು 1.4 ಪಟ್ಟಿಗಿಂತ ಜಾಸ್ತಿ ಇದ್ದರೆ ಅದು ಶ್ವೇತಕುಬ್ಜವಾಗಿ, ಅಂದರೆ ಪುಟ್ಟ ದಟ್ಟ ನಕ್ಷತ್ರವಾಗಿ, ನಿಲ್ಲದು, ಕುಸಿಯುತ್ತದೆ ಎಂದರು 24 ವರ್ಷದ ಚಂದ್ರಶೇಖರ್. ಅವರ ಬೆನ್ನಿಗೇ ಎದ್ದ ಎಡಿಂಗ್ಟನ್, ನಕ್ಷತ್ರ ಹೀಗೆಲ್ಲ ಹುಚ್ಚಾಟ ಆಡದಂತೆ ತಡೆಯುವ ನಿಯಮ ಪ್ರಕೃತಿಯಲ್ಲಿ ಇರಬೇಕು ಎಂದುಬಿಟ್ಟರು. ಸಭೆ ನಕ್ಕಿತು. ಒಳ್ಳೆ ಸಿನಿಮಾ ಸೀನು, ಒಪ್ಪುತ್ತೇನೆ.

ಆದರೆ ಎಡಿಂಗ್ಟನ್ ಒಬ್ಬರನ್ನೇ ವಿಲನ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಗುರುತ್ವದ ಬಗ್ಗೆ ತಮ್ಮದೇ ಸಮೀಕರಣಗಳಿಂದ ಹುಟ್ಟಿದ ಕಪ್ಪುಕುಳಿಯಂಥ ವಸ್ತು ನಿಜಲೋಕದಲ್ಲಿ ಇರಲಾರದು ಎಂದು 1939ರಲ್ಲಿ ಸ್ವತಃ ಐನ್‌ಸ್ಟೈನ್ ಬರೆದರು! ಅದೇ ವರ್ಷ ಅಮೆರಿಕದ ಭೌತವಿಜ್ಞಾನಿಗಳಾದ ಓಪನ್‌ಹೈಮರ್ ಮತ್ತು ಸ್ನೈಡರ್ ಲೆಕ್ಕ ಹಾಕಿ, ನಕ್ಷತ್ರ ಕುಸಿಯುತ್ತಲೇ ಹೋಗಬಲ್ಲದು ಎಂದು ತೋರಿಸಿದರು. ಅದು ಅಚ್ಚಾದ ದಿನ ಸೆಪ್ಟೆಂಬರ್ 1, ಎರಡನೇ ಮಹಾಯುದ್ಧ ಶುರುವಾದ ದಿನ. ಯಾರಿಗೆ ಪುರುಸೊತ್ತು?

ಅವರ ಲೆಕ್ಕಕ್ಕೂ ಒಂದು ಆಕ್ಷೇಪ ಇತ್ತು. ಅದರಲ್ಲಿ ನಕ್ಷತ್ರ ಅಚ್ಚುಕಟ್ಟಾದ ಗುಂಡು. ನಿಜವಾದ ನಕ್ಷತ್ರ ಹಾಗಿರುತ್ತದಾ? ಇದಕ್ಕೆ 1965ರಲ್ಲಿ ಬ್ರಿಟನ್ನಿನ ಗಣಿತಜ್ಞ ಪೆನ್‌ರೋಸ್ ಉತ್ತರ ಕೊಟ್ಟರು. ಆಕಾರ ಸೊಟ್ಟ ಇದ್ದರೂ ಕುಸಿತ ಒಂದು ಹಂತ ದಾಟಿದರೆ ಮತ್ತೆ ತಡೆಯಿಲ್ಲ.

ಇನ್ನೊಂದು ಪ್ರಶ್ನೆ ಉಳಿಯಿತು, ನನಗೆ ತುಂಬಾ ಇಷ್ಟವಾದದ್ದು. ಕಪ್ಪುಕುಳಿ ಹುಟ್ಟಿತು ಅಂತಲೇ ಇಟ್ಟುಕೊಳ್ಳಿ, ಅದು ಉಳಿಯುತ್ತದಾ? ಸಣ್ಣ ಅಲುಗಾಟ ಬೆಳೆಯುತ್ತಾ ಹೋದರೆ ಕಾಗದದ ಮೇಲಷ್ಟೇ ಇರುವ ವಸ್ತು ಅದು. ಇದನ್ನು ಕೈಗೆತ್ತಿಕೊಂಡವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯ. ತಿರುಗದ ಕಪ್ಪುಕುಳಿ ಸಣ್ಣಪುಟ್ಟ ಅಲುಗಾಟ ತಡೆದುಕೊಂಡು ನಿಲ್ಲುತ್ತದೆ ಎಂದು ಅವರು ತೋರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಕಂಪ್ಯೂಟರ್ ಲೆಕ್ಕದಲ್ಲಿ ಕಪ್ಪುಕುಳಿಯ ಮೇಲೆ ಗುರುತ್ವದ ಅಲೆ (ದೇಶಕಾಲದಲ್ಲೇ ಹರಡುವ ಕಂಪನ) ಹಾಯಿಸಿ ನೋಡಿದರು. ಅಗಲವಾದ ಅಲೆಗೆ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಕಿರಿದಾಗಿಸುತ್ತಾ ಹೋದಾಗ, ಗಂಟೆ ಹೊಡೆದ ಹಾಗೆ, ಕಪ್ಪುಕುಳಿ ತನ್ನದೇ ಸ್ವರದಲ್ಲಿ ಕಂಪಿಸಿ ಸುಮ್ಮನಾಯಿತು. ಇದು ನೇಚರ್ ಪತ್ರಿಕೆಯಲ್ಲಿ ಬಂದದ್ದು 1970ರಲ್ಲಿ. ಹಂಸ ನಕ್ಷತ್ರಪುಂಜದಲ್ಲಿ ಎಕ್ಸ್-ಕಿರಣ ಸೂಸುವ ಸಿಗ್ನಸ್ ಎಕ್ಸ್-1 ಕಪ್ಪುಕುಳಿಯೇ ಇರಬಹುದು ಎಂಬ ಮಾತು ಬಲವಾದದ್ದು ಆಮೇಲೆ. ಅದು ಕಪ್ಪುಕುಳಿ ಅಲ್ಲ ಎಂದು ಹಾಕಿಂಗ್ 1974ರಲ್ಲಿ ಭೌತವಿಜ್ಞಾನಿ ಕಿಪ್ ಥಾರ್ನ್ ಜತೆ ಬೆಟ್ ಕಟ್ಟಿ, ಸೋಲು ಒಪ್ಪಿದ್ದು 1990ರಲ್ಲಿ!

2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಹಿಡಿಯುವ ಅಮೆರಿಕದ ಲೈಗೋ ಉಪಕರಣಗಳಿಗೆ ಎರಡು ಕಪ್ಪುಕುಳಿ ಒಂದಾದ ಸುದ್ದಿ ಸಿಕ್ಕಿತು. ಸೂರ್ಯನ ಸುಮಾರು 36 ಮತ್ತು 29 ಪಟ್ಟು ತೂಕದವು. ಆ ಸಂಕೇತದ ಕೊನೆಯ ತುಣುಕು ವಿಶ್ವೇಶ್ವರ ಲೆಕ್ಕದಲ್ಲಿ ಕಂಡಿದ್ದ ಅದೇ ಬಗೆಯ ಕಂಪನ. ಮುಂದಿನ ಫೆಬ್ರವರಿಯಲ್ಲಿ ಇದನ್ನು ಜಗತ್ತಿಗೆ ಹೇಳಿದಾಗ ಅವರಿನ್ನೂ ನಮ್ಮ ನಡುವೆ ಇದ್ದರು.

ಬೆಂಗಳೂರಿನ ನೆಹರೂ ತಾರಾಲಯ ಎಷ್ಟು ಜನ ನೋಡಿಲ್ಲ ಹೇಳಿ? ಅದರ ಸ್ಥಾಪಕ ನಿರ್ದೇಶಕರು ಇದೇ ವಿಶ್ವೇಶ್ವರ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ಯುವ ಮೇಷ್ಟ್ರು, ಮೇಡಂ ನಿಮ್ಮ ಪರಿಚಯದಲ್ಲಿದ್ದರೆ ಕೆಳಗೆ ಟ್ಯಾಗ್ ಮಾಡಿ.